ಹೊಗೆಯಿಲ್ಲದ ಬೀದಿಯ ಡೀಸೆಲಮ್ಮ

ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು. ಆ ಹೆಸರಿನಿಂದ ಕರೆಯುವವರು ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಅದು ಗಿರಾಕಿಯಿಲ್ಲದ ಸರಕಿನ ಹಾಗೆ ಮೂಲೆ ಸೇರಿತು. ಪೇಟೆಯ ಆ ಬೀದಿಗೆ ಅವಳು ಡೀಸೆಲಮ್ಮ. ಹೊಸದಾಗಿ ಅಂಗಡಿ ಇಟ್ಟವರು ಮೊದಮೊದಲು ಇದು ಬೈಗುಳವಿರಬೇಕೆಂದು ಅಂಜುತ್ತಿದ್ದರು. ಒಂದೆರಡು ಸಲ ಕರೆಂಟು ಹೋಗಿ, ಕತ್ತಲಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಕೂತ ಮೇಲೆ ಅವರೂ ಬಾಗಿಲಿಗೆ ಬಂದು “ಡೀಸೆಲಮ್ಮಾ!” ಎಂದು ಕೂಗುತ್ತಿದ್ದರು. ಗರಜು ಬಿದ್ದರೆ ನಾಲಿಗೆ ತಾನಾಗಿ ತಿರುಗುತ್ತದೆ.

ಬೀದಿ ಅಂದರೆ ಅಂಥ ಅಗಲದ್ದೇನಲ್ಲ. ಎದುರುಬದುರಿನ ಅಂಗಡಿಯವರು ಕೂತಲ್ಲಿಂದಲೇ ಒಬ್ಬರಿಗೊಬ್ಬರು ಚಿಲ್ಲರೆ ಎಸೆಯಬಹುದಾದಷ್ಟು. ಎರಡು ಸಾಲು ಅಂಗಡಿ, ಮೇಲೆ ಗೋದಾಮು, ಅದರ ಮೇಲೆ ತಾರಸಿ. ಹಿಂಬದಿಯಲ್ಲಿ, ಬೇಕರಿಯ ಗೋಡೆಗೆ ಬೆನ್ನು ಹಚ್ಚಿದಂತೆ ಡೀಸೆಲಮ್ಮನ ಎರಡು ಕೋಣೆಯ ಮನೆ. ಮನೆಗೆ ತಾಗಿ ಒಂದು ತಗಡಿನ ಶೆಡ್ಡು. ಶೆಡ್ಡಿನೊಳಗೆ ನೆಲಕ್ಕೆ ಬೋಲ್ಟು ಬಿಗಿದು ಕೂರಿಸಿದ ಇಂಜಿನ್. ಕರೆಂಟು ಹೋಯಿತೆಂದರೆ ಗಂಡಹೆಂಡತಿ ಇಬ್ಬರೂ ಶೆಡ್ಡಿಗೆ ಓಡಬೇಕು, ಯಾಕೆಂದರೆ ಅದು ಇಬ್ಬರು ಮಾಡುವ ಕೆಲಸ. ಒಬ್ಬರು ಹ್ಯಾಂಡಲ್ ಹಾಕಿ ಚಕ್ರ ತಿರುಗಿಸುವುದು. ಚಕ್ರ ವೇಗ ಹಿಡಿದ ಗಳಿಗೆಗೆ ಸರಿಯಾಗಿ ಇನ್ನೊಬ್ಬರು ಇಂಜಿನ್ನಿನ ತಲೆಯ ಮೇಲಿನ ಪುಟ್ಟ ಕೊಂಡಿಯನ್ನು ಬೀಳಿಸುವುದು. ಬೇಗ ಬಿದ್ದರೆ ಇಂಜಿನ್ ಒದೆಯುತ್ತದೆ, ತಡವಾದರೆ ತಿರುಗಿಸಿದವರ ತೋಳು ಸೋಲುತ್ತದೆ. ಮದುವೆಯಾದ ಹೊಸದರಲ್ಲಿ ಯಜಮಾನರು ತಿರುಗಿಸುತ್ತಿದ್ದರು, ಅವಳು ಕೊಂಡಿ ನೋಡಿಕೊಳ್ಳುತ್ತಿದ್ದಳು. ಯಜಮಾನರ ಎದೆ ಸೋತ ಮೇಲೆ ಅವಳು ತಿರುಗಿಸತೊಡಗಿದಳು, ಅವರು ಕೊಂಡಿಗೆ ಬಂದರು. ಸಂಸಾರದಲ್ಲಿ ಬಡ್ತಿ ಹಿಂಬಡ್ತಿ ಇದ್ದದ್ದೇ.

ಆ ಇಂಜಿನ್ನಿಗೆ ಬಾಯಿ ಇತ್ತು. ಅಂಗಡಿಗೆ ಒಂದು ದೀಪ, ಒಂದು ಫ್ಯಾನು ಎಂಬುದು ಬೀದಿಯ ಕರಾರು. ಅದರ ಮೇಲೆ ಯಾರು ಏನು ಸಿಕ್ಕಿಸಿದರೂ ಇಂಜಿನ್ ಕತ್ತು ಹಿಸುಕಿದಂತೆ ಏದುತ್ತಿತ್ತು. ದರ್ಜಿ ಇಸ್ತ್ರಿಪೆಟ್ಟಿಗೆ ಹಾಕಿದರೆ ಒಂದು ಬಗೆಯ ಏದುಸಿರು, ಐಸ್‌ಕ್ರೀಮ್ ಅಂಗಡಿಯ ಫ್ರೀಜರ್ ಹತ್ತಿಕೊಂಡರೆ ಇನ್ನೊಂದು ಬಗೆ. ಡೀಸೆಲಮ್ಮ ಕೈ ಒರೆಸಿಕೊಳ್ಳುತ್ತಾ ಬೀದಿಗೆ ಬರುವಳು.

“ಯಾರಪ್ಪಾ ಅದು, ನನ್ನ ಇಂಜಿನ್ ಉಸಿರು ಹಿಡೀತಿರೋರು? ತಣ್ಣಗಪ್ಪಾ, ನೀನೇ ತಾನೆ?”

ಐಸ್‌ಕ್ರೀಮ್ ಮಾರುವವನನ್ನು ಬೀದಿ ತಣ್ಣಗಪ್ಪ ಎನ್ನುತ್ತಿದ್ದದ್ದು ಬರೀ ಅವನ ಸರಕು ನೋಡಿ ಅಲ್ಲ. ಎಷ್ಟು ಬೈದರೂ ಬೆವರದ ಜೀವ ಅದು.

“ಐದೇ ನಿಮಿಷ ಅಕ್ಕಾ. ಐಸ್‌ಕ್ರೀಮ್ ಅಳ್ತಾ ಇದೆ.”

“ಅದರ ಕಣ್ಣೀರು ನೀನು ಒರೆಸು. ನನ್ನ ಇಂಜಿನ್ ಬಿಡು.”

ಅವನು ನಗುತ್ತಾ ಪ್ಲಗ್ಗು ಕೀಳುವನು. ಇಂಜಿನ್ ಹಗುರಾಗುವುದು. ಬೀದಿ ಇಷ್ಟರಲ್ಲೇ ವರ್ಷಗಳನ್ನು ನೂಕಿತ್ತು.

ಹೊಗೆಯ ಕೊಳವೆಯನ್ನು ಮಾತ್ರ ಬೀದಿಯ ಕಡೆ ಬಿಟ್ಟಿರಲಿಲ್ಲ, ಗಿರಾಕಿ ಕೆಮ್ಮಬಾರದಲ್ಲ. ಅದು ಡೀಸೆಲಮ್ಮನ ಹಿತ್ತಲಿಗೆ ತಿರುಗಿತ್ತು. ಹೀಗಾಗಿ ಯಜಮಾನರು ಕೆಮ್ಮಿದರು. ಇಂಜಿನ್ನಿನ ಪಕ್ಕ ಕಳೆದ ಕಾಲ ಅವರ ಕಿವಿಯನ್ನು ಆಗಲೇ ತಿಂದುಹಾಕಿತ್ತು, ಆಮೇಲೆ ಉಸಿರಿನ ಸರದಿ ಬಂತು. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, “ಬೀಡಿ ಸೇದ್ತೀರಾ?” ಎಂದು ಕೇಳಿದರು. ಇಲ್ಲ ಎಂದಳು ಡೀಸೆಲಮ್ಮ, ಗಂಡನ ಪರವಾಗಿ.

“ಹಾಗಾದ್ರೆ ಊರಿನವರದ್ದೆಲ್ಲ ಸೇದಿದಾರೆ. ಹೋಗಿದ್ದು ಬರಲ್ಲ ಕಣಮ್ಮಾ. ಇರೋದನ್ನ ಉಳಿಸ್ಕೊಳ್ಳಿ. ಹೊಗೆ ಹತ್ತಿರಕ್ಕೂ ಬಿಡಬೇಡಿ.”

ಅದೇ ಬೇಸಿಗೆ ಬೀದಿಗೂ ಬುದ್ಧಿ ಬಂತು. ಬಿಸಿಲಿಗೆ ಇಬ್ಬರು ಗಿರಾಕಿಗಳು ತಲೆ ತಿರುಗಿ ಬಿದ್ದರು. ಬಟ್ಟೆಯಂಗಡಿಯ ಧಣಿಗಳು ಬೀದಿಯ ಸಂಘಕ್ಕೆ ಅಧ್ಯಕ್ಷರು, ಬೆಳಗಿನ ಪತ್ರಿಕೆಯನ್ನು ತಲೆಬರಹದಿಂದ ಜಾಹೀರಾತಿನವರೆಗೆ ಓದುವವರು. ಭೂಮಿ ಕಾಯುತ್ತಿರುವುದು ಎಣ್ಣೆ, ಕಲ್ಲಿದ್ದಲು ಸುಟ್ಟದ್ದರಿಂದ ಎಂದು ಓದಿ ಹೇಳಿದರು. ಅವರ ಹೊಸ ಥಾನುಗಳಿಗೆ ಡೀಸೆಲ್ ವಾಸನೆ ಹಿಡಿಯುತ್ತದೆಂಬ ದೂರು ಇದ್ದದ್ದೂ ನಿಜ. ಒಳ್ಳೆಯ ಕೆಲಸಕ್ಕೆ ಎರಡು ಕಾರಣವಿದ್ದರೆ ತಪ್ಪೇನಿಲ್ಲ. ಅಂಗಡಿಯಲ್ಲೇ ಹಾಸಿನ ಮೇಲೆ ಎಲ್ಲರನ್ನೂ ಕೂರಿಸಿ ಮಾತಾಡಿದರು.

“ನೋಡ್ರಪ್ಪಾ, ಸರ್ಕಾರ ಮಾಡ್ಲಿ, ದೊಡ್ಡ ದೊಡ್ಡ ಕಂಪನಿಯವರು ಮಾಡ್ಲಿ ಅಂತ ಕೂತ್ರೆ ಮುಗೀತು ಕಥೆ. ಅವರೂ ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ ಈ ಬೀದೀಲಿ ಎಣ್ಣೆ ಸುಡೋರು ಯಾರು? ನಾವು. ಬಿಡಬೇಕಾದೋರು ಯಾರು? ನಾವೇ. ಹತ್ತು ಜನರ ಕೋಲು ಒಬ್ಬನ ಹೊರೆ. ಒಂದೊಂದು ಕೋಲು ಹೊರೋಕೆ ಏನ್ರೀ ಕಷ್ಟ?”

ಚಪ್ಪಾಳೆ ಬಿತ್ತು. ಚಪ್ಪಾಳೆಗೆ ಬಂಡವಾಳ ಬೇಡ. ಆದರೆ ಎಲ್ಲರ ಕಣ್ಣೂ ಬಾಗಿಲ ಬಳಿ ಕೂತಿದ್ದ ಡೀಸೆಲಮ್ಮನ ಕಡೆ ಹೋಯಿತು. ಅವಳ ಅನ್ನ ಅದರಲ್ಲೇ ಬೇಯುತ್ತಿದ್ದದ್ದು.

“ನನ್ನ ಮುಖ ಯಾಕೆ ನೋಡ್ತೀರಿ?” ಎಂದಳು ಅವಳು. “ನಮ್ಮ ಹೊಟ್ಟೆ ತುಂಬಿಸಿದ್ದು ಆ ಇಂಜಿನ್ನೇ. ಆದ್ರೂ ಸಾಕು. ನಮ್ಮನೆಯವರ ಉಸಿರನ್ನ ಅದಕ್ಕೆ ಸುರಿದಿದ್ದು ಸಾಕು.”

ತಾರಸಿಗಳ ಮೇಲೆ ಸೂರ್ಯನ ಹಲಗೆಗಳು ಬಂದವು. ಅವು ತುಂಬಿಸುವ ಬ್ಯಾಟರಿಗಳು ಕಪಾಟಿನಂಥ ಪೆಟ್ಟಿಗೆಯಲ್ಲಿ ಡೀಸೆಲಮ್ಮನ ಮುಂಗೋಣೆಯಲ್ಲಿ ಕೂತವು. ಕೂರಿಸಿದವನು ಪೆಟ್ಟಿಗೆಯ ಮೇಲಿನ ಪುಟ್ಟ ಪರದೆಯನ್ನು ತೋರಿಸಿ, ಗೆರೆಗಳು ತುಂಬಿದ್ದರೆ ಹೊಟ್ಟೆ ತುಂಬಿದೆ, ಇಳಿದರೆ ಹಸಿದಿದೆ ಎಂದು ಹೇಳಿಕೊಟ್ಟ. ಬೀದಿಯಲ್ಲಿ ಕರೆಂಟಿದ್ದಾಗ ಅದರಿಂದಲೂ ತುಂಬಿಕೊಳ್ಳಲೆಂದು ಒಂದು ಪಾಯಿಂಟು ಬಿಟ್ಟ. ಆ ಕರೆಂಟು ಎಲ್ಲಿಯ ಕಲ್ಲಿದ್ದಲು ಸುಟ್ಟು ಬರುತ್ತದೆಂದು ಬೀದಿ ಕೇಳಲಿಲ್ಲ. ಬೇರೆಯೂರಿನ ಹೊಗೆ ಬೇರೆಯೂರಿನದು. ಇದನ್ನೆಲ್ಲ ನೋಡಿಕೊಳ್ಳುವ ಕೆಲಸ, ಅದರ ಸಂಬಳ ಡೀಸೆಲಮ್ಮನಿಗೇ ಇರಲಿ ಎಂದಾಯಿತು. ಒಂದು ದೀಪ, ಒಂದು ಫ್ಯಾನಿನ ಹಳೆಯ ಕರಾರು ಹಾಗೇ ಉಳಿಯಿತು, ಹೆಸರೂ ಉಳಿಯಿತು. ಇಂಜಿನ್ನನ್ನು ಗುಜರಿಯವನು ಬಂದು ಒಯ್ಯಬೇಕಿತ್ತು, ಅವನು ಇಂದು ನಾಳೆ ಎನ್ನುತ್ತಲೇ ಇದ್ದ.

ಆ ಕೆಲವು ತಿಂಗಳು ಯಜಮಾನರನ್ನು ನೋಡಬೇಕಿತ್ತು. ಬೆಳಗಾದರೆ ಹಳೆಯ ಬನಿಯನ್ನಿನ ತುಂಡು, ಒಂದು ಚೊಂಬು ನೀರು ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾ ತಾರಸಿ ಹತ್ತುವರು. ಹಲಗೆಗಳ ಮೇಲಿನ ಧೂಳನ್ನು ಮಗುವಿನ ಮೈ ಒರೆಸಿದಂತೆ ಒರೆಸುವರು. ಇಳಿದು ಬಂದು, “ಏ, ಇವತ್ತು ಎರಡೇ ಕಡೆ ನಿಂತೆ ಕಣೇ,” ಎನ್ನುವರು. ಅವಳು ಅವರ ಕಿವಿಯ ಹತ್ತಿರ ಬಾಯಿಟ್ಟು, “ನಾಳೆ ಓಡೋಕೆ ಶುರು ಮಾಡ್ತೀರಿ, ಹಿಡಿಯೋರು ಯಾರು?” ಎಂದು ಕೂಗುವಳು.

ಮುಂದಿನ ಬೇಸಿಗೆ ಕರೆಂಟು ಪದೇ ಪದೇ ಹೋಗತೊಡಗಿತು. ಬ್ಯಾಟರಿಗೆ ಬಾಯಿಲ್ಲ ಎಂಬುದು ಡೀಸೆಲಮ್ಮನಿಗೆ ತಿಳಿದದ್ದು ಆಗ. ಇಂಜಿನ್ನಾದರೆ ಕದ್ದವರ ಹೆಸರು ಹೇಳಿ ಏದುತ್ತಿತ್ತು. ಇದು ಎಷ್ಟು ಹೀರಿದರೂ ಸದ್ದಿಲ್ಲದೆ ಕೊಡುತ್ತದೆ, ಗೆರೆ ಮಾತ್ರ ಇಳಿಯುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಅಂದಮೇಲೆ ತಪ್ಪೂ ಇಲ್ಲ ಎಂಬುದು ಬೀದಿಯ ಲೆಕ್ಕ. ಸೂರ್ಯನದ್ದು ತಾನೆ, ಅವನೇನು ಬಿಲ್ಲು ಕಳಿಸುತ್ತಾನೆಯೇ? ದರ್ಜಿಯ ಇಸ್ತ್ರಿಪೆಟ್ಟಿಗೆ ಬಂತು. ಧಣಿಗಳ ಗಾಜಿನ ಕಪಾಟಿನ ದೀಪದ ಸರ ಬಂತು. ತಣ್ಣಗಪ್ಪನ ಫ್ರೀಜರ್‌ಗೆ ಒಂದು ತಂಗಿ ಹುಟ್ಟಿತು. ಪ್ರತಿಯೊಬ್ಬರೂ, ಉಳಿದವರೆಲ್ಲ ಕರಾರಿನ ಮೇಲಿದ್ದಾರೆ, ನನ್ನದೊಂದು ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಬೀದಿಯ ಬೆಕ್ಕುಗಳೆಲ್ಲ ಒಂದೇ ಬಟ್ಟಲಿಗೆ ಬಾಯಿ ಹಾಕಿದ್ದವು.

ಒಂದು ಸಂಜೆ, ವ್ಯಾಪಾರದ ಹೊತ್ತಿನಲ್ಲೇ, ಬೀದಿ ಥಟ್ಟನೆ ಕತ್ತಲಾಯಿತು. ಎಲ್ಲರೂ ಡೀಸೆಲಮ್ಮನ ಬಾಗಿಲಿಗೆ ಬಂದರು, ಬೆಳಕನ್ನು ಅವಳೇ ನುಂಗಿದ್ದಾಳೆ ಎಂಬಂತೆ.

“ಏನಮ್ಮಾ ಇದು? ನಿನ್ನ ಕೈಗೆ ಕೊಟ್ಟಿದ್ದು ನಾವು,” ಎಂದರು ಧಣಿಗಳು. “ಆ ಹಳೇ ಇಂಜಿನ್ ಇದ್ದಾಗ ಒಂದು ದಿನ ಹೀಗಾಗಿರಲಿಲ್ಲಪ್ಪ.”

ನೀವೇ ಎಲ್ಲ ಹೀರಿ ಮುಗಿಸಿದಿರಿ ಎಂದು ಅವಳು ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅವಳಿಗೊಂದು ಜಂಬ ಇತ್ತು. ತಾನಿರುವಾಗ ಬೀದಿ ಕತ್ತಲಲ್ಲಿ ಕೂತದ್ದಿಲ್ಲ ಎಂಬ ಜಂಬ. ‘ಹಳೇ ಇಂಜಿನ್’ ಎಂಬ ಮಾತು ಅಲ್ಲಿಗೇ ತಾಗಿತು. ಜೊತೆಗೆ ಒಂದು ಭಯ: ಬ್ಯಾಟರಿ ಸಾಲದು ಎಂದರೆ ಒಬ್ಬೊಬ್ಬರೂ ಒಂದೊಂದು ಜನರೇಟರ್ ತಂದಿಟ್ಟುಕೊಂಡಾರು, ಆಗ ಯಜಮಾನರ ಗತಿ?

“ಒಂದು ವೈರು ಸಡಿಲ ಆಗಿತ್ತು,” ಎಂದಳು. “ನಾಳೆ ಸರಿ ಹೋಗತ್ತೆ.”

ಅವಳ ಬದುಕಿನ ಕೆಟ್ಟ ವ್ಯಾಪಾರ ಅದು. ಮಾರಿದ ಸುಳ್ಳಿಗೆ ದಿನದಿನವೂ ಸರಕು ತುಂಬಿಸಬೇಕಾಯಿತು. ಗುಜರಿಯವನಿಗೆ ಆಮೇಲೆ ಬಾ ಎಂದು ಹೇಳಿ ಕಳಿಸಿದಳು. ಮಧ್ಯಾಹ್ನ ಯಜಮಾನರು ಊಟ ಮಾಡಿ ಮುಂಗೋಣೆಯಲ್ಲಿ ಮಲಗಿದಾಗ ಹಿತ್ತಲ ಕಡೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿ ಶೆಡ್ಡಿಗೆ ಹೋಗುತ್ತಿದ್ದಳು. ಬಲಗೈಯಲ್ಲಿ ಚಕ್ರ ತಿರುಗಿಸಿ ಎಡಗೈಯಲ್ಲಿ ಕೊಂಡಿ ಬೀಳಿಸುವುದನ್ನು ಕಲಿತಳು. ಇಂಜಿನ್ನಿನಿಂದ ಒಂದು ವೈರು ಎಳೆದು ಪೆಟ್ಟಿಗೆಯ ಆ ಪಾಯಿಂಟಿಗೆ ಸಿಕ್ಕಿಸಿದಳು. ಗೆರೆಗಳು ಏರಿದವು. ಸೂರ್ಯ ಕೊಟ್ಟದ್ದು ಸಾಲದೆ ಹೋದದ್ದನ್ನು ಡೀಸೆಲ್ ತುಂಬಿಕೊಟ್ಟಿತು, ಹಳೆಯ ಕೊಳವೆಯಲ್ಲಿ, ಹಳೆಯ ಹಿತ್ತಲಿಗೆ.

ಇಷ್ಟು ದೊಡ್ಡ ಸದ್ದು ಬೀದಿಗೆ ಕೇಳಿಸಲಿಲ್ಲವೇ ಎಂದರೆ, ಕೇಳಿಸಿತು. ಬೀದಿಯ ತುದಿಯಲ್ಲಿ ಕಲ್ಲು ಕೊಯ್ಯುವವನೊಬ್ಬನಿದ್ದ. ಅವನ ಯಂತ್ರದ ಸದ್ದು ಎಂದುಕೊಂಡರು. ನಡುವೆ ಒಮ್ಮೆ ಅವನು ಅಂಗಡಿಗೆ ಬೀಗ ಹಾಕಿ ನಂಟರ ಊರಿಗೆ ಹೋದ. ಆಗಲೂ ಮಧ್ಯಾಹ್ನ ಸದ್ದು ಬರುತ್ತಲೇ ಇತ್ತು.

“ಎಷ್ಟು ದುಡೀತಾನಪ್ಪ ಪುಣ್ಯಾತ್ಮ,” ಎಂದ ದರ್ಜಿ, ಆ ಬೀಗದ ಎದುರೇ ಕೂತು ಗುಂಡಿ ಹೊಲಿಯುತ್ತಾ.

“ಹ್ಞೂಂ, ಮೈಮುರಿದು ದುಡೀತಾನೆ,” ಎಂದ ತಣ್ಣಗಪ್ಪ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಅಲ್ಲಿಂದ ಮೂರು ಹೆಜ್ಜೆ ಆಚೆ ಔಷಧಿ ಅಂಗಡಿ. ಅಂಗಡಿಯಾಕೆ ಉಸಿರಿನ ಪಂಪನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ, “ಯಾಕಕ್ಕಾ, ಹೋದ ಸಲ ತಗೊಂಡಿದ್ದು ಆಗ್ಲೇ ಮುಗೀತಾ? ಭಾವನವರಿಗೆ ವಾಸಿ ಆಗಿತ್ತಲ್ಲ?” ಎಂದಳು.

“ಚಳಿಗೆ ಹೀಗೆ,” ಎಂದಳು ಡೀಸೆಲಮ್ಮ. ಹೊರಗೆ ಬಿಸಿಲಿಗೆ ನಾಯಿಗಳು ನಾಲಿಗೆ ಚಾಚಿ ಮಲಗಿದ್ದವು.

“ಹೊಗೆ ಎಲ್ಲೂ ಇಲ್ವಲ್ಲ ಈಗ?”

“ಇಲ್ಲ.”

ಅಂಗಡಿಯಾಕೆ ಇನ್ನೇನೋ ಕೇಳಲು ಬಾಯಿ ತೆರೆದಳು. ಅವಳ ಹಿಂದೆ ಔಷಧಿಗಳ ಫ್ರಿಜ್ಜು ಗುಂಯ್ಗುಡುತ್ತಿತ್ತು. ಆ ಸದ್ದಿನ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿದಳು.

ತಾರಸಿಯ ಮೆಟ್ಟಿಲಲ್ಲಿ ಯಜಮಾನರು ನಿಲ್ಲುವ ಕಡೆಗಳು ಹೆಚ್ಚಾದವು. ಆಮೇಲೆ ಅರ್ಧ ಹತ್ತಿ ಇಳಿಯತೊಡಗಿದರು. ಆಮೇಲೆ ಚೊಂಬು, ಬಟ್ಟೆ ಎರಡೂ ಮೆಟ್ಟಿಲ ಬುಡದಲ್ಲೇ ಉಳಿದವು. “ಬೇಕರಿ ಒಲೆ ಹೊಗೆ ಬರ್ತಾ ಇದೆ,” ಎಂದು ಅವಳು ಅವರ ಕಿವಿಗೆ ಕೂಗಿದಳು. ಗುಟ್ಟನ್ನೂ ಕೂಗಿಯೇ ಹೇಳಬೇಕಾದ ಸಂಸಾರ ಅದು. ಗೋಡೆಯಾಚೆಯ ಬೇಕರಿಯವನಿಗೂ ಈ ಮಾತು ಕೇಳಿಸಿರಬೇಕು. ಅವನು ಜಗಳಕ್ಕೆ ಬರಲಿಲ್ಲ. ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅವನ ಹಿಟ್ಟು ಕಲಸುವ ಯಂತ್ರ ಆ ಬೇಸಿಗೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಓಡುತ್ತಿದ್ದ ಇಂಜಿನ್ನಿಗೆ ಎಣ್ಣೆ ಸುರಿಯುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಯಜಮಾನರಿಗೆ ಸದ್ದು ಕೇಳಿಸಿರಲಿಲ್ಲ. ಗೋಡೆಗೆ ಒರಗಿ ಕೂತಾಗ ಬೆನ್ನಿಗೆ ನಡುಕ ಗೊತ್ತಾಗಿತ್ತು.

“ಎಷ್ಟು ದಿನದಿಂದ?” ಎಂದರು.

“ಬೀದಿ ಕತ್ತಲಾಯ್ತಲ್ಲ, ಅವತ್ತಿಂದ.” ತುಟಿ ನೋಡಿ ತಿಳಿದುಕೊಂಡರು.

ಅವರು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲೆಂದೇ ಅವಳು ತಲೆ ತಗ್ಗಿಸಿ ಕಾದಳು. ಅವರು ಕೊಳವೆಯ ಬಾಯಿ ನೋಡಿದರು, ಮೂಗಿಗೆ ಟವೆಲ್ಲು ಹಿಡಿದುಕೊಂಡರು.

“ಹೊಗೆ ಕಪ್ಪಗಿದೆ. ಫಿಲ್ಟರ್ ತೊಳೆದಿಲ್ಲ ನೀನು.”

“ಒಳಗೆ ಹೋಗಿ ಅಂದ್ರೆ!”

“ಹೋಗ್ತೀನಿ ಕಣೇ. ಬೀದಿಗೆ ಬೆಳಕು ಬೇಕಲ್ಲ, ಏನ್ಮಾಡೋದು.”

ಅಂದಿನಿಂದ ಊಟ ಮುಗಿಸಿದ ಮೇಲೆ ಆ ಕಿಟಕಿಯನ್ನು ಅವರೇ ಎದ್ದು ಮುಚ್ಚತೊಡಗಿದರು. ಮುಚ್ಚಿ, ಅವಳ ಕಡೆ ನೋಡದೆ ಹೋಗಿ ಮಲಗುತ್ತಿದ್ದರು. ಆ ಕಿಟಕಿಯ ಚಿಲಕ ಬೀಳುವ ಸದ್ದು ಅವಳಿಗೆ ಯಾವ ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು. ಆದರೂ ಶೆಡ್ಡಿಗೆ ಹೋಗುತ್ತಿದ್ದಳು. ಅದನ್ನೂ ಹೇಳಬೇಕು.

ಇಷ್ಟರಲ್ಲಿ ಬೀದಿಯ ಬಾಯಲ್ಲಿ ದೊಡ್ಡ ಬೋರ್ಡು ನಿಂತಿತ್ತು: ‘ಇದು ಹೊಗೆಯಿಲ್ಲದ ಬೀದಿ’. ಕೆಳಗೆ ಧಣಿಗಳ ಅಂಗಡಿಯ ಹೆಸರು, ಸ್ವಲ್ಪ ಚಿಕ್ಕ ಅಕ್ಷರದಲ್ಲಿ. ಮಳೆಗಾಲದ ಮೋಡ ಕವಿಯುವ ಹೊತ್ತಿಗೆ, ಪಕ್ಕದ ಪೇಟೆಯ ಸಂಘದವರು ಬಂದು ನೋಡುತ್ತಾರೆ, ಮೆಚ್ಚಿದರೆ ಅವರೂ ಇಂಜಿನ್ ಬಿಡುತ್ತಾರೆ ಎಂದು ಸುದ್ದಿಯಾಯಿತು. ಅವರು ಬರುವ ದಿನ ಬೆಳಿಗ್ಗೆ ಧಣಿಗಳು ತಾವೇ ಡೀಸೆಲಮ್ಮನ ಮನೆಗೆ ಬಂದರು. ನಾಲ್ಕಾರು ದಿನಗಳಿಂದ ಬಿಸಿಲು ಬಿದ್ದಿರಲಿಲ್ಲ. ಯಜಮಾನರು ಗೋಡೆಗೆ ದಿಂಬು ಒರಗಿಸಿ ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಧಣಿಗಳು ಅವರಿಗೆ ನಮಸ್ಕಾರ ಹೇಳಿ, ಬೇಗ ಬೇಗ ಬೇರೆ ಕಡೆ ನೋಡಿದರು.

“ಅಮ್ಮಾ, ಇವತ್ತು ಸಂಜೆ ಬೀದಿ ಪೂರ್ತಿ ಝಗಝಗ ಅನ್ನಬೇಕು. ನಮ್ಮನ್ನ ನೋಡಿ ಇನ್ನೊಂದು ಪೇಟೆ ಸುಧಾರಿಸತ್ತೆ ಅಂದ್ರೆ ಸಣ್ಣ ಮಾತಲ್ಲ. ನೀನು ಏನ್ಮಾಡ್ತೀಯೋ, ಹೇಗ್ಮಾಡ್ತೀಯೋ, ನಾನು ಕೇಳಲ್ಲ.”

“ಕೇಳಿ ಧಣಿ,” ಎಂದಳು ಡೀಸೆಲಮ್ಮ. “ಒಂದ್ಸಲ ಕೇಳಿ.”

ಧಣಿಗಳು ಚಪ್ಪಲಿ ಮೆಟ್ಟಿಕೊಂಡರು. “ಬರ್ತೀನಿ. ಸಂಜೆ ಮರೀಬೇಡ.”

ಆ ಮಧ್ಯಾಹ್ನ ಅವಳು ಶೆಡ್ಡಿಗೆ ಹೋಗಲಿಲ್ಲ. ಯಜಮಾನರು ಕಿಟಕಿ ಮುಚ್ಚಲು ಏಳಹೋದರು. ಕಿಟಕಿಯವರೆಗೆ ಹೋಗಲಾಗಲಿಲ್ಲ, ಹಾಸಿಗೆಯ ಅಂಚಿನಲ್ಲೇ ಕುಸಿದು ಬಾಯಿ ತೆರೆದು ಕೂತರು. ಅವಳು ಆ ಕಿಟಕಿಯನ್ನು ಪೂರ್ತಿ ತೆರೆದು, ಸಂಜೆಯವರೆಗೂ ಅವರ ಬೆನ್ನು ನೀವುತ್ತಾ ಕೂತಳು.

ಸಂಜೆ ಕರೆಂಟು ಹೋಯಿತು. ಬೀದಿ ಎಂದಿನಂತೆ ಬೆಳಗಿತು. ಪರದೆಯಲ್ಲಿ ಒಂದೇ ಗೆರೆ ಇತ್ತು. ಡೀಸೆಲಮ್ಮ ಬೀದಿಗೆ ಇಳಿದು ಅಂಗಡಿ ಅಂಗಡಿಗೆ ಹೋದಳು.

“ಒಂದೇ ಗೆರೆ ಉಳಿದಿದೆ. ಔಷಧಿ ಫ್ರಿಜ್ಜೊಂದು ನಡೀಲಿ. ಉಳಿದಿದ್ದೆಲ್ಲ ಆರಿಸ್ರಪ್ಪಾ.”

“ಎದುರಿನವರು ಆರಿಸ್ಲಿ, ನಾನೂ ಆರಿಸ್ತೀನಿ,” ಎಂದ ದರ್ಜಿ.

“ನನ್ನ ಒಂದು ಮಿಣುಕಿನಿಂದ ಏನಾಗತ್ತಕ್ಕಾ?” ಎಂದ ಎದುರಿನವನು.

ಧಣಿಗಳು ಗಾಜಿನ ಕಪಾಟಿನ ಬೆಳಕಲ್ಲಿ ಮಿಂಚುತ್ತಾ ಹೊರಗೆ ಬಂದರು. “ಜನ ಬರೋ ಹೊತ್ತು ಕಣಮ್ಮಾ! ಬೆಳಿಗ್ಗೆ ಏನು ಹೇಳಿದ್ದೆ ನಾನು?”

“ಹೇಳಿದ್ರಿ. ನಾನು ಹಚ್ಚಲ್ಲ,” ಎಂದಳು ಅವಳು. ಬೀದಿಯ ನಡುವೆ ನಿಂತು, ಗಂಡನಿಗೆ ಕೂಗಿ ಕೂಗಿ ದೊಡ್ಡದಾಗಿದ್ದ ಆ ದನಿಯಲ್ಲೇ ಎಲ್ಲರಿಗೂ ಹೇಳಿದಳು: “ಬೇಕಾದವರು ಬಂದು ಹಚ್ಚಿಕೊಳ್ಳಿ. ಬಾಗಿಲು ತೆಗೆದಿದೆ. ಹ್ಯಾಂಡಲ್ ಅಲ್ಲೇ ಇದೆ.”

ಏನು ಹಚ್ಚುವುದು, ಯಾವ ಬಾಗಿಲು, ಯಾವ ಹ್ಯಾಂಡಲ್, ಇಂಜಿನ್ ಗುಜರಿಗೆ ಹೋಗಲಿಲ್ಲವೇ ಎಂದು ಒಬ್ಬರೂ ಕೇಳಲಿಲ್ಲ. ಡೀಸೆಲಮ್ಮ ಅವರೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು, ನೋಡಿ ಮನೆಗೆ ಹೋದಳು.

ಹಿಂದೆಯೇ ತಣ್ಣಗಪ್ಪ ಓಡಿಬಂದ. ಎರಡು ಫ್ರೀಜರ್ ತುಂಬ ಸರಕು ಅವನದು. “ಕೋಪ ಮಾಡ್ಕೋಬೇಡಕ್ಕಾ. ನಿನಗ್ಯಾಕೆ ಶ್ರಮ, ನಾನೇ ತಿರುಗಿಸ್ತೀನಿ. ಇವತ್ತೊಂದು ದಿನ, ಅಷ್ಟೇ,” ಎನ್ನುತ್ತಾ ನೇರ ಶೆಡ್ಡಿಗೆ ನುಗ್ಗಿದ. ದಾರಿ ಯಾರೂ ತೋರಿಸಬೇಕಾಗಲಿಲ್ಲ.

ಅವಳು ಶೆಡ್ಡಿನ ಬಾಗಿಲ ಪಕ್ಕ ತಗಡಿಗೆ ಒರಗಿ ನಿಂತಳು. ತಡೆಯಲೂ ಇಲ್ಲ, ನೆರವಾಗಲೂ ಇಲ್ಲ. ತಣ್ಣಗಪ್ಪ ಹ್ಯಾಂಡಲ್ ಹಾಕಿ ತಿರುಗಿಸಿದ. ಚಕ್ರ ಏಳುತ್ತಿತ್ತು, ಬೀಳುತ್ತಿತ್ತು. ಒಂದು ಕೈಯಲ್ಲಿ ಕೊಂಡಿಗೆ ಎಟುಕಲು ಹೋದರೆ ಇನ್ನೊಂದು ಕೈ ಸೋಲುತ್ತಿತ್ತು. ಹುಟ್ಟಿದಂದಿನಿಂದ ಬೆವರದವನ ಅಂಗಿ ಬೆನ್ನಿಗೆ ಅಂಟಿತು. ಮತ್ತೆ ಮೈಯೆಲ್ಲ ಬಾಗಿಸಿ ತಿರುಗಿಸಿದ. ಚಕ್ರ ವೇಗ ಹಿಡಿಯಿತು.

ಆಗ ಮನೆಯ ಕಡೆಯ ಬಾಗಿಲಿನಿಂದ ಒಂದು ಕೈ ಒಳಗೆ ಬಂತು. ಯಜಮಾನರು. ಚಕ್ರ ಎದ್ದು ಬಿದ್ದ ನಡುಕ ಗೋಡೆಯಿಂದ ಬೆನ್ನಿಗೆ ತಾಗಿ ಅವರನ್ನು ಹಾಸಿಗೆಯಿಂದ ಎಬ್ಬಿಸಿತ್ತು. ಯಾರು ತಿರುಗಿಸುತ್ತಿದ್ದಾರೆ, ಯಾಕೆ ಎಂದು ಅವರು ನೋಡಿದಂತೆ ಕಾಣಲಿಲ್ಲ. ಚಕ್ರ ನೋಡಿದರು. ಸರಿಯಾದ ಗಳಿಗೆಗೆ, ಒಂದಿಷ್ಟೂ ತಪ್ಪದೆ, ಕೊಂಡಿ ಬೀಳಿಸಿದರು.

ಇಂಜಿನ್ ಹತ್ತಿಕೊಂಡಿತು. ದಿನಗಟ್ಟಲೆ ಫಿಲ್ಟರ್ ತೊಳೆಯದ ಇಂಜಿನ್ನಿನ ಹೊಗೆ ಕೊಳವೆಯ ಸಂದಿಗಳಿಂದಲೂ ಹೊರಬಂದು ಶೆಡ್ಡು ತುಂಬಿತು. ತಣ್ಣಗಪ್ಪ ಗೆದ್ದವನಂತೆ ನಕ್ಕು ತಿರುಗಿದ. ಅವನ ಕಾಲಬುಡದಲ್ಲಿ ಯಜಮಾನರು ಮಂಡಿಯೂರಿದ್ದರು. ಕೆಮ್ಮು ಕೂಡ ಬರುತ್ತಿರಲಿಲ್ಲ. ಬಾಯಿ ತೆರೆದಿತ್ತು, ಎದೆ ಏಳುತ್ತಿತ್ತು, ಒಳಗೆ ಏನೂ ಹೋಗುತ್ತಿರಲಿಲ್ಲ.

ಡೀಸೆಲಮ್ಮ ನುಗ್ಗಿ ಎಣ್ಣೆಯ ನಲ್ಲಿ ತಿರುಗಿಸಿ, ಕೊಂಡಿ ಎತ್ತಿ ಇಂಜಿನ್ ನಿಲ್ಲಿಸಿದಳು. “ನಾನು... ಅಕ್ಕಾ, ಭಾವ ಇಲ್ಲಿ ಇದ್ದಾರೆ ಅಂತ ನನಗೆ...” ಎಂದು ತೊದಲಿದ ತಣ್ಣಗಪ್ಪ.

“ಇನ್ನೆಲ್ಲಿ ಇರ್ತಾರೆ?” ಎಂದಳು ಅವಳು. “ಹಿಡ್ಕೋ.”

ಅವನು ಯಜಮಾನರನ್ನು ತೋಳಲ್ಲಿ ಎತ್ತಿಕೊಂಡು ಬೀದಿಗುಂಟ ನಡೆದ. ಬೆಳಗುತ್ತಿದ್ದ ಎಲ್ಲ ಅಂಗಡಿಗಳ ಮುಂದೆಯೇ ದಾರಿ. ಆ ಮುದುಕ ಎಷ್ಟು ಹಗುರ ಎಂಬುದು ಹೊತ್ತವನ ನಡಿಗೆಯಲ್ಲೇ ಕಾಣುತ್ತಿತ್ತು. ಔಷಧಿ ಅಂಗಡಿಯಾಕೆ ಅವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಬಾಯಿಗೆ ಪಂಪು ಹಿಡಿದು ಒತ್ತಿದಳು, ಮತ್ತೆ ಒತ್ತಿದಳು. ಬಹಳ ಹೊತ್ತಿನ ಮೇಲೆ ಒಂದು ಉಸಿರು ಕಿರ್ರೆಂದು ಒಳಗೆ ಹೋಯಿತು. ಮತ್ತೊಂದು ಹೋಯಿತು.

ತಣ್ಣಗಪ್ಪ ತನ್ನ ಅಂಗಡಿಗೆ ಹೋಗಿ ಎರಡೂ ಪ್ಲಗ್ಗು ಕಿತ್ತ. ಆಮೇಲೆ ದರ್ಜಿಯ ದೀಪ ಆರಿತು. ಎದುರಿನವನದು ಆರಿತು. ಬೇಕರಿಯದು ಅರ್ಧ ಆರಿತು. ಹಾಗೆಯೇ ಇದ್ದವೂ ಇದ್ದವು.

ಪಕ್ಕದ ಪೇಟೆಯವರು ಬಂದಾಗ ಬೀದಿ ಹಲ್ಲುದುರಿದ ಬಾಯಿಯ ಹಾಗಿತ್ತು. ಧಣಿಗಳು ಕೈಮುಗಿದು ಮುಂದೆ ಬಂದರು. “ಬನ್ನಿ, ಬನ್ನಿ! ನಿಮಗೆ ತೋರಿಸೋಕೆ ಅಂತಾನೇ ನಾವಾಗಿ ಆರಿಸಿದ್ದೀವಿ. ಸಂಯಮ ಮುಖ್ಯ ನೋಡಿ ಇದರಲ್ಲಿ,” ಎಂದರು, ತಮ್ಮ ಗಾಜಿನ ಕಪಾಟಿನ ಝಗಝಗದ ಮುಂದೆ ನಿಂತು. ಬಂದವರು ತಲೆದೂಗಿದರು. ಹೇಗಿದ್ದರೂ ಕರಗುತ್ತದೆಂದು ತಣ್ಣಗಪ್ಪ ಎಲ್ಲರಿಗೂ ಐಸ್‌ಕ್ರೀಮ್ ಹಂಚಿದ. ಅತಿಥಿಗಳು ನಿಂತು ತಿಂದರು, ಇಲ್ಲಿಯವರು ಧಾರಾಳಿಗಳು ಎಂದರು. ಔಷಧಿ ಅಂಗಡಿಯ ಬೆಂಚಿನ ಮೇಲೆ ಗಂಡನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಕೂತ ಹೆಂಗಸು ಯಾರೆಂದು ಒಬ್ಬ ಕೇಳಿದ.

“ಅವರಾ? ಇದನ್ನೆಲ್ಲ ನೋಡಿಕೊಳ್ಳೋರು,” ಎಂದರು ಧಣಿಗಳು.

ಯಜಮಾನರು ಉಳಿದರು. ಡಾಕ್ಟರು ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದರು, ಇರುವುದು ಈಗ ಇನ್ನೂ ಕಡಿಮೆ ಎಂಬುದನ್ನು ಸೇರಿಸಿ. ಆಸ್ಪತ್ರೆಯಿಂದ ಬಂದ ದಿನವೇ ಡೀಸೆಲಮ್ಮ ಗುಜರಿಯವನನ್ನು ಕರೆಸಿ, ಬೋಲ್ಟು ಬಿಚ್ಚಿಸಿ, ಇಂಜಿನ್ ಎತ್ತಿಸಿ ಕಳಿಸಿದಳು. ಬೀದಿ ಬಾಗಿಲಲ್ಲಿ ನಿಂತು ನೋಡಿತು. ಆ ವಾರವೇ ಎರಡು ಅಂಗಡಿಗಳ ಹಿಂಬದಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಹೊಸ ಸಣ್ಣ ಜನರೇಟರುಗಳು ಬಂದಿಳಿದವು ಎಂಬ ಸುದ್ದಿಯೂ ಬಂತು. ಇನ್ನೂ ಹಚ್ಚಿಲ್ಲವಂತೆ, ಸುಮ್ಮನೆ ಇರಲಿ ಅಂತ ತಂದದ್ದಂತೆ. ಸುಮ್ಮನೆ ಇರಲಿ ಅಂತ ಯಾರೂ ಸರಕು ತರುವುದಿಲ್ಲ, ಇದು ವ್ಯಾಪಾರ ಬಲ್ಲವರಿಗೆಲ್ಲ ಗೊತ್ತು.

ಈಗ ಸಂಜೆ ಕರೆಂಟು ಹೋದರೆ ಡೀಸೆಲಮ್ಮ ಗಂಡನ ಕೈಗೆ ಪಂಪು ಕೊಟ್ಟು ಬೀದಿಗೆ ಇಳಿಯುತ್ತಾಳೆ. ಮೊದಲ ಅಂಗಡಿ ತಣ್ಣಗಪ್ಪನದು. ಅವನು ಪ್ಲಗ್ಗು ಕೀಳುವವರೆಗೆ ಬಾಗಿಲಲ್ಲಿ ನಿಲ್ಲುತ್ತಾಳೆ.

“ಬಿಸಿಲಲ್ಲಿ ಮಾತ್ರ ಹಾಕ್ತೀನಿ ಅಂತ ಹೇಳಿದೀನಲ್ಲಕ್ಕಾ. ನಂಬಿಕೆ ಇಲ್ವಾ?”

“ಇಲ್ಲ.”

“ನಾಳೇನೂ ಬರ್ತೀಯಾ?”

“ಬರ್ತೀನಿ.”

“ದಿನಾ ಹೀಗೆ ತಿರುಗಿದ್ರೆ ಕಾಲು ನೋಯಲ್ವಾ?”

“ನೋಯತ್ತೆ. ನೀನೂ ಬಾ ಜೊತೆಗೆ, ಅರ್ಧ ಬೀದಿ ನೀನು ನೋಡು.”

“ನಾನಾ? ಅಯ್ಯೋ, ಅವರೆಲ್ಲ ನನ್ನ ಮಾತು ಎಲ್ಲಿ ಕೇಳ್ತಾರಕ್ಕಾ,” ಎಂದು ನಕ್ಕು ಅವನು ಒಳಗೆ ಹೋಗುತ್ತಾನೆ.

ದರ್ಜಿ ಅವಳು ಬರುವುದನ್ನು ಕಂಡೇ ಇಸ್ತ್ರಿಪೆಟ್ಟಿಗೆ ಇಳಿಸುತ್ತಾನೆ. ಅವಳು ದಾಟಿದ ಮೇಲೆ ಮತ್ತೆ ಏರಿಸುತ್ತಾನೋ ಏನೋ, ಅದಕ್ಕೆ ಅವಳು ಒಮ್ಮೊಮ್ಮೆ ತಟ್ಟನೆ ತಿರುಗಿ ಬರುತ್ತಾಳೆ. ಬೀದಿ ಅವಳನ್ನು ಕಿರಿಕಿರಿ ಎನ್ನುತ್ತದೆ. ಹೊಸ ಅಡ್ಡಹೆಸರೊಂದು ಹುಟ್ಟುವುದರಲ್ಲಿದೆ.

ಕೊನೆಗೆ ಬಟ್ಟೆಯಂಗಡಿ. ಗಾಜಿನ ಕಪಾಟಿನ ದೀಪದ ಸರ ಉರಿಯುತ್ತಿರುತ್ತದೆ. ಧಣಿಗಳು ಥಾನು ಬಿಚ್ಚುತ್ತಾ ತಲೆ ಎತ್ತುವುದಿಲ್ಲ.

“ಧಣಿ, ಆರಿಸಿ.”

“ಗಿರಾಕಿ ಇದಾರೆ ಕಣಮ್ಮಾ. ಹೋಗ್ಲಿ, ಆಮೇಲೆ ನೋಡೋಣ.”

ಡೀಸೆಲಮ್ಮ ಚಪ್ಪಲಿ ಕಳಚಿಟ್ಟು, ಒಳಗೆ ಬಂದು, ಗಿರಾಕಿಗಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂರುತ್ತಾಳೆ.